ಹದಿನೇಳನೇ ಚಿಮಣಿಯ ಅಮಾವಾಸ್ಯೆ

ಬುಧವಾರ ಬೆಳಿಗ್ಗೆ ಪ್ರಮೀಳಾ ಬಣಕಾರ ಗಾಳಿ ಕೊಠಡಿಯ ಬಾಗಿಲು ತೆಗೆದಾಗ ಗೋಡೆಯ ನಕ್ಷೆಯಲ್ಲಿ ನಲವತ್ತು ಹಸಿರು ಚುಕ್ಕೆಗಳಿದ್ದವು, ಒಂದು ಕೆಂಪು. ಕೆಂಪು ಹದಿನೇಳನೇ ನಂಬರಿನದು. ಅದರ ಪಕ್ಕದಲ್ಲಿ ‘ಮೂರನೇ ಸಲ’ ಎಂದು ಮೂಡಿತ್ತು.

ದಾವಣಗೆರೆಯ ಹೊಸ ಭಟ್ಟಿ ಬೀದಿಯಲ್ಲಿ ಮಂಡಕ್ಕಿ ಹುರಿಯುವ ನಲವತ್ತೊಂದು ಭಟ್ಟಿಗಳಿದ್ದವು. ಪ್ರತಿ ಭಟ್ಟಿಗೂ ಒಂದು ಚಿಮಣಿ, ಪ್ರತಿ ಚಿಮಣಿಗೂ ಒಂದು ಮೂಗು. ಉರಿ ಕಾಯ್ದೆ ಬಂದು ಆರು ವರ್ಷವಾಗಿತ್ತು. ಆ ಕಾಯ್ದೆಯ ಸಾರವನ್ನು ಜನ ಮೂರು ಮಾತಿನಲ್ಲಿ ಹೇಳುತ್ತಿದ್ದರು: ಮೂಗಿಲ್ಲದೆ ಉರಿ ಇಲ್ಲ. ಬಾಯ್ಲರ್ ಇರಲಿ, ಇಟ್ಟಿಗೆ ಗೂಡಿರಲಿ, ಹೊಗೆ ಹೋಗುವ ದಾರಿಯಲ್ಲಿ ಸಂವೇದಕ ಕೂರಲೇಬೇಕು. ಅದು ಹೇಳಿದ ಲೆಕ್ಕವನ್ನು ನಗರದ ಗಾಳಿ ಕೊಠಡಿ ಹಗಲೂ ಇರುಳೂ ನೋಡುತ್ತಿರಬೇಕು.

ಮೂಗು ಎಂದರೆ ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಪಿಂಗಾಣಿ ಬಿಲ್ಲೆ. ಅದರ ಮೇಲೆ ಮೂರು ತೆಳು ಪದರ. ಒಂದು ಪದರ ಸಾರಜನಕದ ಆಕ್ಸೈಡುಗಳನ್ನು ಗುರುತಿಸುತ್ತದೆ, ಇನ್ನೊಂದು ಅರೆಬೆಂದ ಇಂಗಾಲದ ಅನಿಲವನ್ನು, ಮೂರನೆಯದು ಗಂಧಕದ ಹೊಗೆಯನ್ನು. ಅನಿಲ ತಾಗಿದಾಗ ಪದರದಲ್ಲಿ ಕೆಲವು ಮಿಲಿವೋಲ್ಟಿನಷ್ಟು ವಿದ್ಯುತ್ತು ಹುಟ್ಟುತ್ತದೆ. ಅಷ್ಟೇ ಅದರ ಭಾಷೆ. ಭತ್ತದ ಹೊಟ್ಟಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಟೈರಿನಲ್ಲಿ ಧಾರಾಳ, ಏಕೆಂದರೆ ಗಂಧಕ ಸೇರಿಸಿಯೇ ರಬ್ಬರನ್ನು ಗಟ್ಟಿ ಮಾಡುತ್ತಾರೆ. ಹೊಟ್ಟು ಸುಡುವ ಚಿಮಣಿಯಲ್ಲಿ ಗಂಧಕದ ಗುರುತು ಏರಿದರೆ ಯಾರೋ ಟೈರು ತುರುಕಿದ್ದಾರೆ ಎಂದೇ ಲೆಕ್ಕ. ವರ್ಷದಲ್ಲಿ ಮೂರು ಸಲ ಏರಿದರೆ ಒಲೆಗೆ ಗಾಳಿ ಊದುವ ಬ್ಲೋವರಿಗೆ ದೂರದಿಂದಲೇ ಬೀಗ ಬೀಳುತ್ತದೆ, ಒಂದು ವರ್ಷದ ಮಟ್ಟಿಗೆ. ಅದಕ್ಕೆ ಮೊದಲು ಏಳು ದಿನ ತಕರಾರು ಸಲ್ಲಿಸಲು ಅವಕಾಶ.

ಆ ಮೂರನೇ ಪದರವನ್ನು ಎಂಟು ವರ್ಷದ ಹಿಂದೆ ರೂಪಿಸಿದವಳು ಪ್ರಮೀಳಾ. ಕಚೇರಿಯಲ್ಲಿ ಅದಕ್ಕೆ ಅವಳದೇ ಹೆಸರು: ಬಣಕಾರ ಪದರ.

“ನಿಮ್ಮ ಪದರ ಹಿಡಿದೇಬಿಡ್ತು ನೋಡ್ರಿ,” ಎಂದರು ಉಪನಿರ್ದೇಶಕ ವೀರೇಶ ಕಡ್ಲಿ, ಚಹಾದ ಲೋಟ ಹಿಡಿದುಕೊಂಡೇ ಒಳಗೆ ಬಂದು. “ನಿನ್ನೆ ಸಂಜೆ ಆರೂ ಇಪ್ಪತ್ತಕ್ಕೆ. ಹತ್ತು ನಿಮಿಷ ಏರಿ ಇಳಿದಿದೆ. ಹೊತ್ತು ಇಳಿಯೋದನ್ನೇ ಕಾದು ಸುಟ್ಟಿದ್ದಾರೆ.”

“ಹತ್ತು ನಿಮಿಷಕ್ಕೆ ಯಾರಾದ್ರೂ ಟೈರ್ ಸುಡ್ತಾರಾ ಸರ್? ಒಂದು ಟೈರ್ ಹತ್ತಿದ್ರೆ ಅರ್ಧ ಗಂಟೆ ಉರಿಯುತ್ತೆ.”

“ತುಂಡು ಮಾಡಿ ಹಾಕಿರ್ತಾರೆ. ಹೋಗಿ ಬೂದಿ ತಂದುಬಿಡಿ. ಬರೋ ಬುಧವಾರ ಬೀಗ.”

ಹದಿನೇಳನೇ ಭಟ್ಟಿ ಬೀದಿಯ ಬಾಯಿಗೇ ಇತ್ತು, ತರಕಾರಿ ಸಂತೆಗೆ ಬೆನ್ನು ಹಾಕಿಕೊಂಡು. ಒಳಗೆ ಹೋದರೆ ಮೊದಲು ಕಿವಿಗೆ ಬೀಳುವುದು ಬ್ಲೋವರಿನ ಗುಂಯ್ ಶಬ್ದ, ಆಮೇಲೆ ಮಂಡಕ್ಕಿ ಅರಳುವ ಸದ್ದು. ಉಪ್ಪುನೀರು ಹಚ್ಚಿ ಆರಿಸಿದ ಅಕ್ಕಿಯನ್ನು ಚಮನ್‌ಸಾಬ್ ಕಾದ ಮರಳಿನ ಬಾಣಲೆಗೆ ಸುರಿಯುತ್ತಿದ್ದ, ನಾಲ್ಕು ಸಲ ಕೈಯಾಡಿಸುತ್ತಿದ್ದ, ಐದನೇ ಸಲಕ್ಕೆ ಅಕ್ಕಿ ಬೆಳ್ಳಗೆ ಉಬ್ಬಿ ಬಾಣಲೆ ತುಂಬುತ್ತಿತ್ತು. ಮೂವತ್ತು ವರ್ಷದಿಂದ ಅದೇ ಕೆಲಸ. ಅವನ ಹುಬ್ಬಿನಲ್ಲಿ ಕೂದಲು ಉಳಿದಿರಲಿಲ್ಲ.

ಭಟ್ಟಿಯ ಒಡತಿ ಖೈರುನ್ನಿಸಾ. ಬೀದಿಗೆಲ್ಲ ಖೈರಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು ಬಂದವಳು ಪ್ರಮೀಳಾಳ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿ ನೋಡಿದಳು.

“ಬರ್ರಿ ಮೇಡಮ್ಮೋರೇ. ಮೂರು ಕೆಂಪು ಬಿದ್ದಾವಂತೆ, ಬೆಳಿಗ್ಗೆ ಫೋನಿಗೆ ಬಂತು. ಕೂತ್ಕೊಳ್ರಿ. ಮಂಡಕ್ಕಿ ತಿಂತೀರಾ, ಇಲ್ಲ ಅದಕ್ಕೂ ಮೂಗು ಹಿಡೀಬೇಕಾ?”

“ಬೂದಿ ಬೇಕಿತ್ತಮ್ಮ.”

“ತಗೊಳ್ರಿ, ಬೂದಿಗೇನು ಬರ. ಒಂದು ಮಾತು ಹೇಳ್ಲಾ? ಟೈರ್ ಸುಟ್ಟೋಳು ನಮ್ಮತ್ತೆ. ಆವಾಗ ಇಡೀ ಬೀದಿ ಸುಡ್ತಿತ್ತು. ನಾನು ಸೊಸೆಯಾಗಿ ಬಂದ ವರ್ಷ ಒಣಗಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣ ಆಗ್ತಿತ್ತು. ನಮ್ಮತ್ತೆ ಆ ಹೊಗೆ ಕುಡಿದು ಕುಡಿದೇ ಹೋದ್ಲು. ಕೊನೇ ಎರಡು ವರ್ಷ ಮಲಗಿ ಉಸಿರಾಡೋಕೆ ಆಗ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ಲು. ಅಂಥದ್ದನ್ನ ನೋಡಿದೋಳು ನಾನ್ಯಾಕೆ ಸುಡ್ಲಿ?”

“ಮೂಗು ಹಾಕಿದೀರಿ, ಬೇಡ ಅನ್ನಲ್ಲ,” ಎಂದ ಚಮನ್‌ಸಾಬ್ ಬಾಣಲೆಯಿಂದ ಕಣ್ಣು ತೆಗೆಯದೆ. “ಅದಕ್ಕೆ ನೆಗಡಿ ಆಗೈತೇನೋ, ಅದನ್ನೂ ಒಂಚೂರು ನೋಡ್ರಿ.”

ಜರಡಿ ಹಿಡಿದ ಹೆಂಗಸರು ನಕ್ಕರು. ಖೈರಮ್ಮ ನಗಲಿಲ್ಲ.

“ಹತ್ತೊಂಬತ್ತು ಜನ ಇದೀವಿ ಇಲ್ಲಿ. ವರ್ಷ ಮುಚ್ಚಿದ ಭಟ್ಟಿ ಮತ್ತೆ ಹತ್ತಲ್ಲ ಮೇಡಂ. ಹುರಿಯೋರು ಬೇರೆ ಕಡೆ ಹೋಗ್ಬಿಡ್ತಾರೆ. ಹೊಸಬರಿಗೆ ಮರಳಿನ ಹದ ಕಲಿಸೋಕೆ ಮೂರು ವರ್ಷ ಬೇಕು.”

“ಹೊಟ್ಟು ಬಿಟ್ಟು ಬೇರೇನಾದ್ರೂ ಸುಡ್ತೀರಾ? ಪ್ಲಾಸ್ಟಿಕ್, ಹಳೇ ಚೀಲ, ಚಪ್ಪಲಿ?”

ಚಮನ್‌ಸಾಬ್ ಒಂದು ಕ್ಷಣ ಒಡತಿಯ ಮುಖ ನೋಡಿದ. ಖೈರಮ್ಮ ಮರಳನ್ನು ನೋಡಿದಳು.

“ಹೊಟ್ಟು ಬಿಟ್ರೆ ಏನೂ ಸುಡಲ್ಲ.”

ಆ ನೋಟವನ್ನು ಪ್ರಮೀಳಾ ಗಮನಿಸಿದಳು, ಮನಸ್ಸಿನಲ್ಲಿಟ್ಟುಕೊಂಡಳು. ಬಾಗಿಲ ಪಕ್ಕ ಒಂದು ಬಿದಿರಿನ ಬುಟ್ಟಿಯಲ್ಲಿ ಮೂರು ನಾಲ್ಕು ಪುಟ್ಟ ಕಾಗದದ ಪೊಟ್ಟಣಗಳಿದ್ದವು. ಗಿರಾಕಿಗಳಿಗೆ ರುಚಿ ನೋಡಲು ಕಟ್ಟಿದ ಮಂಡಕ್ಕಿ ಇರಬೇಕು ಎಂದುಕೊಂಡು ಬೂದಿಯ ಡಬ್ಬಿ ಹಿಡಿದು ಹೊರಟಳು.

ಗುರುವಾರ ಬೂದಿಯ ವರದಿ ಬಂತು. ಟೈರು ಸುಟ್ಟರೆ ಬೂದಿಯಲ್ಲಿ ಸತು ಉಳಿಯುತ್ತದೆ. ರಬ್ಬರಿಗೆ ಬೆರೆಸಿದ ಸತು ಎಲ್ಲೂ ಹಾರಿಹೋಗುವುದಿಲ್ಲ. ಈ ಬೂದಿಯಲ್ಲಿ ಸತು ಇರಲಿಲ್ಲ. ಸೋಡಿಯಂ ಮಾತ್ರ ಬೇರೆ ಭಟ್ಟಿಗಳಿಗಿಂತ ನಾಲ್ಕು ಪಟ್ಟು ಹೆಚ್ಚು. ‘ಅಕ್ಕಿಗೆ ಉಪ್ಪುನೀರು ಬಳಸುವುದರಿಂದ’ ಎಂದು ಪ್ರಮೀಳಾ ಷರಾ ಬರೆದು ಪುಟ ತಿರುವಿದಳು. ಅದು ತಪ್ಪು. ಉಪ್ಪು ಹಚ್ಚಿದ ಅಕ್ಕಿ ಬಾಣಲೆಯ ಒಳಗಿರುತ್ತದೆ, ಬೂದಿ ಬಾಣಲೆಯ ಕೆಳಗೆ. ಉಳಿದ ನಲವತ್ತು ಭಟ್ಟಿಗಳಲ್ಲೂ ಅದೇ ಉಪ್ಪುನೀರೇ.

“ಸತು ಇಲ್ಲ ಅಂದ್ರೆ ಬೂದಿ ಬದಲಾಯಿಸಿದ್ದಾರೆ,” ಎಂದರು ಕಡ್ಲಿ. “ನಾವು ಬರ್ತೀವಿ ಅಂತ ಅವರಿಗೆ ಗೊತ್ತಿರಲ್ವಾ? ನಿಮ್ಮ ಪದರದ ಮೇಲೆ ನಿಮಗೇ ನಂಬಿಕೆ ಇಲ್ವಾ?”

ಪ್ರಮೀಳಾ ವರದಿ ಹಿಡಿದು ತನ್ನ ಮೇಜಿಗೆ ಮರಳಿದಳು. ಪದರವನ್ನು ನಂಬಿದರೆ ಆ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ. ಹೆಂಗಸನ್ನು ನಂಬಿದರೆ ಎಂಟು ವರ್ಷದ ಕೆಲಸ ಸುಳ್ಳು ಹೇಳುತ್ತಿದೆ.

ಶುಕ್ರವಾರ ಸಂಜೆ ಮನೆಗೆ ಬಂದಾಗ ಅವಳ ಅತ್ತೆ ಹಾಲಮ್ಮ ನಡುಮನೆಯಲ್ಲಿ ಮೊಮ್ಮಗಳು ಇಂಚರಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದ್ದರು. ಒಂಬತ್ತು ವರ್ಷದ ಇಂಚರ ಸೋಮವಾರ ಶಾಲೆಯ ಖೋ ಖೋ ತಂಡಕ್ಕೆ ಆಯ್ಕೆಯಾಗಿದ್ದಳು, ಮಂಗಳವಾರದಿಂದ ಜ್ವರ. ಹಾಲಮ್ಮನ ಪ್ರಕಾರ ಎರಡರ ನಡುವೆ ಒಂದೇ ಒಂದು ಕಾರಣ ಇರಲು ಸಾಧ್ಯ: ದೃಷ್ಟಿ. ಮುಷ್ಟಿಯಲ್ಲಿ ಕಲ್ಲುಪ್ಪು, ಮೂರು ಒಣಮೆಣಸಿನಕಾಯಿ ಹಿಡಿದು ಮಗುವಿನ ತಲೆಯಿಂದ ಪಾದದವರೆಗೆ ಇಳಿತೆಗೆಯುತ್ತಿದ್ದರು.

“ಹೋದೋರ ಕಣ್ಣು, ಬಂದೋರ ಕಣ್ಣು, ಶಾಲೆಯೋರ ಕಣ್ಣು, ಸೋತೋರ ಕಣ್ಣು. ಥೂ ಅನ್ನು.”

“ಥೂ,” ಎಂದಳು ಇಂಚರ. “ಅಜ್ಜಿ, ಗೆದ್ದೋರ ಕಣ್ಣು ಬಿಟ್ಟೆ.”

“ಗೆದ್ದೋಳು ನೀನೇ ಅಲ್ವೇನೇ? ಸುಮ್ನೆ ಕೂರು.”

ಪ್ರಮೀಳಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹಾಲಮ್ಮ ಉಪ್ಪು ಮೆಣಸಿನಕಾಯಿಯನ್ನು ಹಳೇ ಕಾಗದದಲ್ಲಿ ಸುತ್ತಿ, ನಾಲ್ಕು ಮೂಲೆ ಮಡಚಿ, ಪುಟ್ಟ ಪೊಟ್ಟಣ ಮಾಡುತ್ತಿದ್ದರು. ಆ ಮಡಿಕೆಯನ್ನು ಬುಧವಾರ ಎಲ್ಲೋ ನೋಡಿದ್ದೆ ಎನ್ನಿಸಿತು.

“ಅದನ್ನ ಎಲ್ಲಿಗೆ ಅತ್ತೆ?”

“ಬೆಂಕಿಗೆ.”

“ಯಾವ ಬೆಂಕಿಗೆ?”

“ಹಾಗೆ ಕೇಳು. ಈ ಮನೇಲಿ ಬೆಂಕಿ ಎಲ್ಲೈತೆ? ಯುಗಾದಿಗೆ ಇಡೀ ಊರಿನ ಗ್ಯಾಸ್ ಸಿಲಿಂಡರ್ ವಾಪಸ್ ತಗೊಂಡು ಹೋದ್ರಿ. ನಿಮ್ಮ ಕರೆಂಟಿನ ಒಲೆ ಮೇಲೆ ಉಪ್ಪು ಹಾಕಿ ನೋಡಿದೆ. ‘ಪಾತ್ರೆ ಇಲ್ಲ, ಪಾತ್ರೆ ಇಲ್ಲ’ ಅಂತ ಕೂಗ್ತು. ದೃಷ್ಟಿ ಅಂದ್ರೆ ಚಟಪಟ ಸಿಡೀಬೇಕು ಕಣವ್ವ, ಒಲೆ ಮಾತಾಡಬಾರದು.” ಹಾಲಮ್ಮ ಪೊಟ್ಟಣವನ್ನು ಎಡಗೈಗೆ ತೆಗೆದುಕೊಂಡರು. “ತರಕಾರಿ ನಿಂಗಮ್ಮನ ಗಾಡಿ ಹತ್ರ ಒಂದು ಡಬ್ಬ ಇಟ್ಟಾರೆ. ಊರೋರೆಲ್ಲ ಅದಕ್ಕೇ ಹಾಕ್ತಾರೆ. ಅವಳು ಸಂಜೆ ಖೈರಮ್ಮನ ಭಟ್ಟಿಗೆ ಮುಟ್ಟಿಸ್ತಾಳೆ. ಊರಲ್ಲಿ ಉರಿ ಉಳಿದಿರೋದು ಅಲ್ಲೇ ತಾನೇ? ಖೈರಮ್ಮ ಒಳ್ಳೇ ಮನಸ್ಸಿನೋಳು. ಯಾರದ್ದು ಏನು ಕೇಳಲ್ಲ, ಪೊಟ್ಟಣ ಬಿಚ್ಚಿ ನೋಡಲ್ಲ. ಅವರಲ್ಲೂ ನಜರ್ ಅಂತ ತೆಗೀತಾರಲ್ಲ, ಅವಳಿಗೆ ಗೊತ್ತು.”

ಪ್ರಮೀಳಾ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು. ಫೋನಿನಲ್ಲಿ ಹದಿನೇಳನೇ ಚಿಮಣಿಯ ದಾಖಲೆ ತೆರೆದಳು. ಮೂರು ಕೆಂಪು, ಮೂರು ತಾರೀಖು. ಕ್ಯಾಲೆಂಡರಿನಲ್ಲಿ ಆ ಮೂರೂ ಮನೆಗಳಲ್ಲಿ ಕಪ್ಪು ವೃತ್ತ. ಯುಗಾದಿಯಾದ ಮೇಲಿನ ಮೊದಲ ಅಮಾವಾಸ್ಯೆ, ಅದರ ಮುಂದಿನದು, ಮೊನ್ನೆ ಮಂಗಳವಾರದ ಮಣ್ಣೆತ್ತಿನ ಅಮಾವಾಸ್ಯೆ. ಯುಗಾದಿಗೆ ಮೊದಲು ಐದೂವರೆ ವರ್ಷ ಆ ಚಿಮಣಿ ಹಸಿರು ಬಿಟ್ಟು ಬೇರೆ ಬಣ್ಣ ತೋರಿಸಿರಲಿಲ್ಲ. ಮಿತಿಗಿಂತ ಕೆಳಗಿವೆ ಎಂದು ಯಂತ್ರ ಬಿಟ್ಟುಬಿಟ್ಟ ಸಣ್ಣ ಉಬ್ಬುಗಳನ್ನೂ ತೆಗೆದು ನೋಡಿದಳು. ಯುಗಾದಿಯಿಂದೀಚೆಗೆ ಪ್ರತಿ ಮಂಗಳವಾರ ಒಂದು, ಪ್ರತಿ ಶುಕ್ರವಾರ ಒಂದು.

ಪಂಚಾಂಗ ನೋಡಿ ಟೈರು ಸುಡುವವರು ಯಾರೂ ಇಲ್ಲ.

“ಅತ್ತೆ, ಆ ಪೊಟ್ಟಣ ನನಗೆ ಕೊಡಿ.”

“ಇಳಿತೆಗೆದ ಉಪ್ಪು ಮುಟ್ತೀಯಾ? ನಿನಗೇನು ಬಂತೇ?”

“ಬೆಂಕಿಗೇ ಹಾಕ್ತೀನಿ. ನಮ್ಮ ಪ್ರಯೋಗಶಾಲೆಯಲ್ಲಿ ಕುಲುಮೆ ಇದೆ. ಸತ್ಯವಾಗ್ಲೂ.”

ಹಾಲಮ್ಮ ಸೊಸೆಯ ಮುಖವನ್ನೇ ನೋಡಿದರು. ಹದಿನಾಲ್ಕು ವರ್ಷದಲ್ಲಿ ಈ ಹುಡುಗಿ ದೃಷ್ಟಿಯ ಉಪ್ಪಿನ ಬಗ್ಗೆ ಒಳ್ಳೆಯ ಮಾತಾಡಿದ್ದು ಇದೇ ಮೊದಲು.

“ಹಾಕಿದ ಮೇಲೆ ಹಿಂದೆ ತಿರುಗಿ ನೋಡ್ಬೇಡ,” ಎಂದು ಕೊಟ್ಟರು.

ತಿರುಗಿ ನೋಡುವುದೇ ಅವಳ ಕೆಲಸವಾಗಿತ್ತು. ಶನಿವಾರ ಪ್ರಯೋಗಶಾಲೆಯ ಕುಲುಮೆಯಲ್ಲಿ ಹೊಟ್ಟು ಉರಿಸಿ, ಚಿಮಣಿಗೆ ಹೊಸ ಮೂಗು ಕೂರಿಸಿ, ಕಾಲು ಗಂಟೆ ಸುಮ್ಮನೆ ಕಾದಳು. ಗಂಧಕದ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಪೊಟ್ಟಣ ಬಿಚ್ಚಿ ಒಳಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. ನಲವತ್ತು ಸೆಕೆಂಡಿಗೆ ಗೆರೆ ಎದ್ದಿತು. ಟೈರಿನ ಗೆರೆಯ ಹಾಗೇ, ಅಷ್ಟೇ ಕಡಿದಾಗಿ. ಬರೀ ಮೆಣಸಿನಕಾಯಿ ಹಾಕಿದರೆ ಕೆಮ್ಮು ಬಂತು, ಗೆರೆ ಏಳಲಿಲ್ಲ. ಬರೀ ಉಪ್ಪಿಗೆ ಎದ್ದಿತು.

ಉಪ್ಪು ಆ ಬಿಸಿಗೆ ಆವಿಯಾಗಿ, ಹೊಗೆಯ ತೇವದೊಂದಿಗೆ ಸೇರಿ, ಆಮ್ಲದ ಹಬೆಯಾಗುತ್ತದೆ. ಪದರದಲ್ಲಿ ಗಂಧಕ ಕೂರುವ ಜಾಗಗಳಲ್ಲೇ ಈ ಹಬೆಯೂ ಹೋಗಿ ಕೂರುತ್ತದೆ. ಯಾರು ಕೂತರೂ ಪದರ ಕೊಡುವ ಸನ್ನೆ ಒಂದೇ. ಎಂಟು ವರ್ಷದ ಹಿಂದೆ ಅವಳು ಇಪ್ಪತ್ತೆರಡು ಅನಿಲಗಳನ್ನು ಒಂದೊಂದಾಗಿ ಪದರದ ಮೇಲೆ ಹಾಯಿಸಿ ಪರೀಕ್ಷಿಸಿದ್ದಳು. ಉಪ್ಪಿನ ಹಬೆ ಆ ಪಟ್ಟಿಯಲ್ಲಿ ಇರಲಿಲ್ಲ. ಒಲೆಗೆ ಉಪ್ಪು ಯಾರು ಹಾಕುತ್ತಾರೆ ಎಂದು ಅವಳಿಗೆ ಆಗ ತೋಚಿರಲೇ ಇಲ್ಲ. ಅವಳದೇ ಮನೆಯ ಅಡುಗೆಮನೆಯಲ್ಲಿ ವಾರಕ್ಕೆರಡು ಸಲ ಹಾಕುತ್ತಿದ್ದರೂ.

ಅಂದೇ ಮಧ್ಯಾಹ್ನ ಭಟ್ಟಿಗೆ ಹೋದಳು. ಬುಟ್ಟಿಯ ಮುಂದೆ ನಿಂತು, “ಇದನ್ನ ಯಾಕೆ ಹೇಳ್ಲಿಲ್ಲಮ್ಮ?” ಎಂದಳು.

ಖೈರಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. “ನೀವು ಏನು ಸುಡ್ತೀರಿ ಅಂತ ಕೇಳಿದ್ರಿ. ಅದು ಸುಡೋದಲ್ಲ, ತೆಗೆಯೋದು. ಒಬ್ಬರ ದೃಷ್ಟಿ ವಿಷಯ ಇನ್ನೊಬ್ಬರ ಹತ್ರ ಆಡಬಾರದು. ಆಡಿದ್ರೆ ಆ ಮಗೂಗೆ ತಿರುಗಿ ಹೋಗುತ್ತೆ ಅಂತಾರೆ. ನನ್ನ ಭಟ್ಟಿ ಉಳಿಸ್ಕೊಳ್ಳೋಕೆ ಇನ್ನೊಬ್ಬರ ಮಗೂನ ಮುಂದೆ ತಳ್ಳಾದಾ?”

“ಮಂಗಳವಾರ ಎಷ್ಟು ಬಂದಿದ್ವು?”

“ಎರಡು ಬುಟ್ಟಿ. ಮಂಗಳವಾರ ಬೇರೆ, ಅಮಾಸೆ ಬೇರೆ. ಎಲ್ಲಾ ಒಟ್ಟಿಗೆ ಹಾಕಿದ್ವಿ. ಉರಿ ಹೆಂಗೆ ಹಳದಿ ಆಯ್ತು ಅಂತೀರಿ.”

ಪ್ರಮೀಳಾ ತಲೆಯೆತ್ತಿದಳು. “ಹೊಟ್ಟಿನ ಉರಿನೂ ಹಳದಿನೇ ಅಲ್ವಾ?”

“ಅಯ್ಯ, ಎಲ್ಲಿಯ ಹಳದಿ,” ಎಂದ ಚಮನ್‌ಸಾಬ್. “ಹೊಟ್ಟಿನದು ಕೆಂಪಿಗೆ ತಿರುಗಿದ ಹಳದಿ, ಕೋಸಂಬರಿ ಕ್ಯಾರೆಟ್ಟಿನ ಹಂಗೆ. ಉಪ್ಪಿನದು ಬೇರೆ. ಹಳೇ ಕಾಲದ ಬೀದಿ ದೀಪ ನೋಡಿದೀರಾ? ಆ ಹಳದಿ. ಮೂವತ್ತು ವರ್ಷ ಇದನ್ನೇ ನೋಡಿದ ಕಣ್ಣಿಗೆ ಗೊತ್ತಾಗುತ್ತೆ. ನಿಮ್ಮ ಮೂಗಿಗೆ ಗೊತ್ತಾಗಲ್ಲ ಅಂದ್ರೆ ಅದಕ್ಕೆ ಒಂದು ಕಣ್ಣೂ ಇಡ್ರಿ ಮತ್ತೆ.”

ಅವನು ತಮಾಷೆಗೆ ಹೇಳಿದ್ದ. ಪ್ರಮೀಳಾ ಅಲ್ಲೇ ಹೊಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. ಉಪ್ಪಿನಲ್ಲಿರುವ ಸೋಡಿಯಂ ಉರಿಗೆ ಬಿದ್ದಾಗ ಒಂದೇ ಒಂದು ಬಣ್ಣದ ಬೆಳಕು ಬಿಡುತ್ತದೆ. ಹಳೆಯ ಬೀದಿ ದೀಪಗಳಲ್ಲಿದ್ದದ್ದು ಅದೇ ಬೆಳಕು. ಆ ಒಂದು ಹಳದಿಯನ್ನಷ್ಟೇ ಒಳಗೆ ಬಿಡುವ ಗಾಜಿನ ಚೂರು, ಅದರ ಹಿಂದೆ ಬೆಳಕು ಬಿದ್ದರೆ ವಿದ್ಯುತ್ತು ಕೊಡುವ ಕಾಳಿನಷ್ಟು ಡಯೋಡು. ಎರಡೂ ಪ್ರಯೋಗಶಾಲೆಯ ಡ್ರಾಯರಿನಲ್ಲೇ ಬಿದ್ದಿದ್ದವು. ಒಲೆಯ ಬಾಯಿಗೆ ಅದನ್ನಿಟ್ಟರೆ ಉಪ್ಪು ಬಿದ್ದದ್ದು ತಿಳಿಯುತ್ತದೆ. ಆ ಹಳದಿ ಇರುವಷ್ಟು ಹೊತ್ತು ಮೂರನೇ ಪದರದ ಮಾತನ್ನು ಲೆಕ್ಕಕ್ಕೆ ಹಿಡಿಯದಿದ್ದರಾಯಿತು.

“ಮಂಡಕ್ಕಿ ಕೊಡ್ರೇ ಮೇಡಮ್ಮೋರಿಗೆ,” ಎಂದಳು ಖೈರಮ್ಮ. “ಮುಖ ನೋಡಿದ್ರೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

ಸೋಮವಾರ ಕಡ್ಲಿಯವರು ವರದಿಯನ್ನು ಎರಡು ಸಲ ಓದಿದರು. ಓದಿ ಕನ್ನಡಕ ತೆಗೆದಿಟ್ಟರು.

“ಇದಕ್ಕೆ ನೀವೇ ರುಜು ಹಾಕ್ತೀರಾ? ‘ಪದರದ ವಿನ್ಯಾಸದಲ್ಲಿ ದೋಷವಿದೆ, ವಿನ್ಯಾಸ ನನ್ನದು’ ಅಂತ?”

“ಹೌದು ಸರ್.”

“ಬೇರೆ ಊರುಗಳಲ್ಲಿ ಈ ಪದರದ ಮೇಲೆ ಬೀಗ ಬಿದ್ದಿರೋ ಚಿಮಣಿ ಇನ್ನೂರಕ್ಕೂ ಹೆಚ್ಚಿವೆ. ನಾಳೆ ಎಲ್ಲರೂ ಉಪ್ಪು ಉಪ್ಪು ಅಂತ ಬರ್ತಾರೆ.”

“ಬರಲಿ ಸರ್. ಟೈರ್ ಸುಟ್ಟೋರ ಬೂದಿಯಲ್ಲಿ ಸತು ಇರುತ್ತೆ. ಗಂಧಕ ಏರಿದ ತಕ್ಷಣ ಬೂದಿಯ ಪೆಟ್ಟಿಗೆ ತಾನಾಗೇ ಮುಚ್ಚಿಕೊಳ್ಳೋ ಹಾಗೆ ಮಾಡೋಣ. ಬದಲಾಯಿಸೋ ಪ್ರಶ್ನೆನೇ ಇರಲ್ಲ. ಸುಟ್ಟಿದ್ರೆ ಸಿಕ್ಕಿಬೀಳ್ತಾರೆ, ಸುಡದಿದ್ದೋರು ಬಿಡುಗಡೆ ಆಗ್ತಾರೆ. ಹದಿನೇಳನ್ನ ಈಗ ಮುಚ್ಚಿದ್ರೆ ಒಳಗಿನ ಹತ್ತೊಂಬತ್ತು ಜನ ಯಾವ ತಪ್ಪಿಗೆ ಅಂತ ನಾನೇ ಹೇಳೋಕಾಗಲ್ಲ.”

“ಉಪ್ಪಿನ ನೆಪದಲ್ಲಿ ಟೈರ್ ತುರುಕಿದ್ರೆ?”

“ಉಪ್ಪಿಗೆ ಐದು ನಿಮಿಷ. ಐದು ನಿಮಿಷ ದಾಟಿದ್ರೆ ಕೆಂಪು. ಆ ಆಮ್ಲದ ಹಬೆನೂ ಒಳ್ಳೇದೇನಲ್ಲ, ಅದಕ್ಕೂ ಮಿತಿ ಬೇಕು.”

ಕಡ್ಲಿ ಪೆನ್ನು ತೆಗೆದು ಬೀಗದ ಆದೇಶದ ಮೇಲೆ ಅಡ್ಡಗೆರೆ ಎಳೆದು, ‘ಪ್ರಯೋಗಾರ್ಥ ಒಂದು ತಿಂಗಳು ತಡೆ’ ಎಂದು ಬರೆದರು.

“ಒಂದು ಅಮಾವಾಸ್ಯೆ ಕೊಡ್ತೀನಿ. ನಿಮ್ಮ ಕಣ್ಣು ಕೆಲಸ ಮಾಡದಿದ್ರೆ ಮೂರು ಕೆಂಪು ಮೂರು ಕೆಂಪೇ. ಬೀಗ ಬೀಳುತ್ತೆ.” ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದರು. “ಬಣಕಾರ್, ಆ ನಿಂಗಮ್ಮನ ಡಬ್ಬ ಅಂತ ಬರೆದಿದೀರಲ್ಲ, ಸಂತೆಯ ಯಾವ ಬಾಗಿಲ ಹತ್ರ?”

“ಯಾಕೆ ಸರ್?”

“ನಮ್ಮ ಮನೆಯೋರು ಪ್ರತಿ ಮಂಗಳವಾರ ತರಕಾರಿ ತರೋಕೆ ಅಷ್ಟು ದೂರ ಯಾಕೆ ಹೋಗ್ತಾರೆ ಅಂತ ಯೋಚಿಸ್ತಿದ್ದೆ.”

ಐದು ನಿಮಿಷದ ಮಿತಿಯೊಳಗೆ ಮುಗಿಯುವ ಹಾಗೆ ಉಪ್ಪು ಹಾಕುವ ಹೊತ್ತು ಗೊತ್ತುಮಾಡುವುದು ಒಲೆಗೆ ಕಣ್ಣು ಕೂರಿಸುವುದಕ್ಕಿಂತ ಕಷ್ಟವಾಯಿತು. “ದೃಷ್ಟಿಗೂ ಟೈಮ್ ಟೇಬಲ್ಲಾ?” ಎಂದು ನಿಂಗಮ್ಮ ಗಾಡಿಯ ಮುಂದೆ ನಿಂತು ಜಗಳಕ್ಕೇ ಬಂದಳು. ಕೊನೆಗೆ ಖೈರಮ್ಮ ತೀರ್ಪು ಕೊಟ್ಟಳು: “ದೃಷ್ಟಿ ತೂಕದ ಮೇಲೆ ಹೋಗಲ್ಲ. ಮುಷ್ಟಿ ಬೇಡ, ಚಿಟಿಕೆ ಸಾಕು. ಸಂಜೆ ಆರೂ ಹತ್ತಕ್ಕೆ ಎಲ್ಲರದ್ದೂ ಒಟ್ಟಿಗೆ.” ಡಬ್ಬದ ಮೇಲೆ ಯಾರೋ ಸುಣ್ಣದಲ್ಲಿ ‘ಚಿಟಿಕೆ ಮಾತ್ರ’ ಎಂದು ಬರೆದರು.

ಭೀಮನ ಅಮಾವಾಸ್ಯೆಯ ಸಂಜೆ ಗಾಳಿ ಕೊಠಡಿಯಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ಕಡ್ಲಿಯವರು ಏನೋ ಕಡತ ಹುಡುಕುವವರಂತೆ ನಕ್ಷೆಯ ಮುಂದೆಯೇ ಓಡಾಡುತ್ತಿದ್ದರು. ಆರೂ ಒಂಬತ್ತಕ್ಕೆ ಹದಿನೇಳು ಹಸಿರಾಗಿತ್ತು. ಆರೂ ಹತ್ತಕ್ಕೂ ಹಸಿರು. ಆರೂ ಹನ್ನೊಂದಕ್ಕೆ ಗಂಧಕದ ಗೆರೆ ಎದ್ದಿತು. ಪ್ರಮೀಳಾ ಕುರ್ಚಿಯ ಕೈ ಬಿಗಿಹಿಡಿದಳು.

ಚುಕ್ಕೆ ಕೆಂಪಾಗಲಿಲ್ಲ. ಹಳದಿಯಾಯಿತು.

ಒಂದು ನಿಮಿಷ. ಎರಡು. ಮೂರನೇ ನಿಮಿಷಕ್ಕೆ ಗೆರೆ ಬಾಗಿತು, ನಾಲ್ಕಕ್ಕೆ ನೆಲಕ್ಕಿಳಿಯಿತು. ಹದಿನೇಳು ಮತ್ತೆ ಹಸಿರಾಗಿ ಉಳಿದ ನಲವತ್ತರ ಜೊತೆ ಸೇರಿಕೊಂಡಿತು. ಕಡ್ಲಿ ಬೀಗದ ಆದೇಶವನ್ನು ಕಡತದಿಂದ ಬಿಡಿಸಿ, ಎರಡಾಗಿ ಮಡಚಿ ಹರಿದು ಬುಟ್ಟಿಗೆ ಹಾಕಿದರು.

ಪ್ರಮೀಳಾಳ ಫೋನು ಬಡಿದುಕೊಂಡಿತು. ಹಾಲಮ್ಮ. ಹಿಂದಿನಿಂದ ಇಂಚರ ಯಾರನ್ನೋ ಅಟ್ಟಿಸಿಕೊಂಡು ಓಡುತ್ತಿದ್ದ ಸದ್ದು ಕೇಳುತ್ತಿತ್ತು.

“ನಿಂಗಮ್ಮ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ಲೋ ಇಲ್ವೋ ಅಂತ ನನಗೆ ನೆಮ್ಮದಿ ಇಲ್ಲ ಕಣೇ. ನಮ್ಮದು ಬೆಂಕಿಗೆ ಬಿತ್ತಾ?”

ಪ್ರಮೀಳಾ ಒಮ್ಮೆ ನಕ್ಷೆಯ ಕಡೆ ತಿರುಗಿ ನೋಡಿದಳು.

“ಬಿತ್ತು ಅತ್ತೆ,” ಎಂದಳು. “ಆರೂ ಹನ್ನೊಂದಕ್ಕೆ.”